ನೀಲಿಯಾಗದ ತುಟಿ

ಹೊಸಹಳ್ಳಿ, ಬೆಂಗಳೂರು
೧೪ ಜೂನ್ ೧೯೮೬, ಶನಿವಾರ

ಚಿರಂಜೀವಿ ನಂಜುಂಡನಿಗೆ,

ಅಕ್ಕ ಅಂಜಮ್ಮನ ಆಶೀರ್ವಾದ, ಅದರ ಜೊತೆಗೆ ಬೆನ್ನಿಗೊಂದು ಗುದ್ದು. ಹೇಗಿದ್ದೀಯ? ಗುಂತಕಲ್ ಬಿಸಿಲು ಇನ್ನೂ ಇಳಿದಿಲ್ಲವೆಂದು ನಿನ್ನ ಭಾವ ಪೇಪರಿನಲ್ಲಿ ಓದಿ ಹೇಳಿದರು. ಆ ಗೂಡ್ಸ್ ಆಫೀಸಿನ ತಗಡಿನ ಕೆಳಗೆ ನೀನು ಬೇಯುತ್ತಿರುವುದನ್ನು ನೆನೆದರೆ ಇಲ್ಲಿ ಫ್ಯಾನು ಹಾಕಿಕೊಳ್ಳಲು ಮನಸ್ಸು ಬರುವುದಿಲ್ಲ. ಆದರೂ ಹಾಕಿಕೊಳ್ಳುತ್ತೇನೆ, ಸುಳ್ಳು ಯಾಕೆ ಹೇಳಲಿ. ಕೆಮ್ಮು ಹೋಯಿತೇ? ಮೆಸ್ಸಿನವರ ಖಾರ ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡ, ಊಟದ ಕೊನೆಗೆ ಮಜ್ಜಿಗೆ ಕೇಳಿ ಹಾಕಿಸಿಕೊ. ಶ್ರಾವಣದಲ್ಲಿ ಹಸೆಮಣೆ ಏರುವ ಗಂಡು ನೀನು, ಒಣಗಿಕೊಂಡು ಬಂದರೆ ಕೆಂಗೇರಿಯವರು ಇವನಲ್ಲ ನಾವು ನೋಡಿದ್ದು ಅಂದುಬಿಟ್ಟಾರು. ನನ್ನ ಮಗಳು ಪುಟ್ಟಿ ಎರಡನೇ ಕ್ಲಾಸಿಗೆ ಹೋಗುತ್ತಿದ್ದಾಳೆ. ನನ್ನದೇ ಸ್ಕೂಲು, ಆದರೆ ಕ್ಲಾಸಿನಲ್ಲಿ ನನ್ನನ್ನು ಅಮ್ಮ ಅನ್ನದೆ ಮಿಸ್ ಅನ್ನಬೇಕು ಅಂತ ಹೇಳಿಕೊಟ್ಟಿದ್ದಕ್ಕೆ ಮನೆಗೆ ಬಂದರೂ ಮಿಸ್ ಎಂದೇ ಕರೆಯುತ್ತಾಳೆ. ನಿನ್ನಂತೆಯೇ ಅತಿಬುದ್ಧಿ.

ಕ್ಷೇಮಸಮಾಚಾರ ಇಷ್ಟು ಸಾಕು. ಈ ಕಾಗದ ಬರೆಯುತ್ತಿರುವುದು ಅಪ್ಪನ ಕಾಲಿನ ವಿಷಯಕ್ಕೆ. ಸುತ್ತಿ ಬಳಸಿ ಹೇಳಿದರೆ ಅರ್ಧಕ್ಕೇ ಮಡಿಸಿಟ್ಟು ಸೆಕೆಂಡ್ ಷೋಗೆ ಹೋಗುವ ಆಸಾಮಿ ನೀನು, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಅಪ್ಪನ ಬಲಗಾಲು ಮತ್ತೆ ಊದಿದೆ. ಮೊನ್ನೆ ಗುರುವಾರ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊಸ ಎಕ್ಸ್‌ರೇ ನೋಡಿ, ಔಷಧಿ ತಕ್ಷಣ ಶುರುವಾಗದಿದ್ದರೆ ಮೊಣಕಾಲಿನ ಕೆಳಗೆ ಕತ್ತರಿಸಬೇಕಾಗುತ್ತದೆ ಎಂದರು. ಔಷಧಿ ಇಲ್ಲವೆಂದಲ್ಲ. ಮಾತ್ರೆಯ ಡಬ್ಬಿ ಅಮ್ಮನ ಅಡುಗೆಮನೆಯ ಶೆಲ್ಫಿನಲ್ಲೇ ಕೂತಿದೆ. ಅಪ್ಪ ಬಾಯಿ ತೆರೆಯುತ್ತಿಲ್ಲ. ಅಂದರೆ ಆ ಕಾಲು ಉಳಿಯುವುದೂ ಹೋಗುವುದೂ ಈಗ ಅವರ ಬಾಯಲ್ಲಿದೆ. ನೀನು ದೂರದಲ್ಲಿರುವುದರಿಂದ ನಿನಗೆ ಎಲ್ಲ ಅರ್ಧಂಬರ್ಧ ಗೊತ್ತು. ಮೊದಲಿನಿಂದ ಬರೆಯುತ್ತೇನೆ, ಸಮಾಧಾನವಾಗಿ ಕೂತು ಓದು.

ಶುರುವಾದದ್ದು ಒಂದು ಜಾಲಿ ಮುಳ್ಳಿನಿಂದ. ಇಲ್ಲಿನ ಹೊಲ ಲೇಔಟಿಗೆ ಹೋದಮೇಲೆ ಸುಮ್ಮನೆ ಕೂರಲಾರದೆ ಅಪ್ಪ ಕೆಂಗೇರಿ ಈಚೆ ಹೊಳೆ ಪಕ್ಕದಲ್ಲಿ ಒಂದು ತುಂಡು ನೆಲವನ್ನು ಬೆಳೆಯಲ್ಲಿ ಪಾಲು ಕೊಡುವಂತೆ ವಾರಕ್ಕೆ ಮಾಡಿಕೊಂಡು ಸೊಪ್ಪು ಬೆಳೆಯುತ್ತಿದ್ದರಲ್ಲ, ಅಲ್ಲಿ. ಹೊಳೆ ಅಂತ ಹೆಸರಿಗೆ, ವೃಷಭಾವತಿಯಲ್ಲಿ ಆಗಲೇ ಊರಿನ ಕೊಳಚೆಯೇ ಹೆಚ್ಚು ಹರಿಯುತ್ತಿತ್ತು. ಚಪ್ಪಲಿ ಹಾಕಿಕೊಂಡು ಹೋಗಿ ಎಂದರೆ ಕೇಳಬೇಕಲ್ಲ. ಉತ್ತ ನೆಲದ ಮೇಲೆ ಚಪ್ಪಲಿ ಕಾಲಿಟ್ಟರೆ ಭೂಮಿತಾಯಿ ಮುಖ ತುಳಿದಂತೆ ಎಂದು ತಾತ ಹೇಳಿದ್ದರಂತೆ. ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು ಬರಿಗಾಲಲ್ಲಿ ಇಳಿಯುವುದು ನಮ್ಮ ಮನೆತನದ ಪದ್ಧತಿ. ಹಾಗೆ ಇಳಿದಾಗ ಚುಚ್ಚಿದ ಮುಳ್ಳನ್ನು ಅಮ್ಮನ ಸರದ ಪಿನ್ನಿನಿಂದ ತೆಗೆದುಕೊಂಡು, ಮಣ್ಣು ಒರೆಸಿ, ಕೆಲಸ ಮುಂದುವರಿಸಿದರು. ಅದು ಯಾರಿಗೂ ನೆನಪಿಡುವ ವಿಷಯವಾಗಿರಲಿಲ್ಲ. ಎಷ್ಟೋ ತಿಂಗಳ ಮೇಲೆ ಪಾದದ ಅಡಿ ಗಟ್ಟಿಯಾಗಿ ಒಂದು ಗಂಟು ಕಂಡಿತು. ಒತ್ತಿದರೂ ನೋವಿಲ್ಲ. ನಮ್ಮನ್ನು ಹಾಳುಮಾಡಿದ್ದೇ ಆ ನೋವಿಲ್ಲದಿರುವುದು ಕಣೋ. ನೋವಿದ್ದಿದ್ದರೆ ಅಪ್ಪ ಕೂಗಾಡುತ್ತಿದ್ದರು, ನಾವು ಓಡುತ್ತಿದ್ದೆವು. ನೋವಿಲ್ಲವೆಂದು ಅವರು ಅದರ ಮೇಲೇ ನಡೆದಾಡಿದರು. ಗಂಟು ಪಾದವೆಲ್ಲ ಹಬ್ಬಿತು, ಪಾದದ ಮೇಲುಭಾಗ ಉಬ್ಬಿತು, ಚರ್ಮದಲ್ಲಿ ಒಂದೊಂದಾಗಿ ಸಣ್ಣ ತೂತು ಬಿದ್ದು ಒಸರಲು ಶುರುವಾಯಿತು. ಒಂದು ಮುಚ್ಚಿಕೊಂಡರೆ ಅದರ ಪಕ್ಕದಲ್ಲಿ ಇನ್ನೊಂದು. ಅದು ಒಳಗೇ ದಾರಿ ಮಾಡಿಕೊಂಡು ಓಡಾಡುತ್ತಿದೆ ಅಂತ ನನಗೆ ಆಗಲೇ ಭಯವಾಗಿತ್ತು.

ಆಮೇಲೆ ಡಾಕ್ಟರುಗಳ ಸುತ್ತು. ಮೊದಲನೆಯವರು ಆನೆಕಾಲು ಅಂದರು. ಎರಡನೆಯವರು ಮೂಳೆ ಟಿ.ಬಿ. ಇರಬಹುದು ಅಂದರು. ಕೀವು ಪರೀಕ್ಷೆಗೆ ಕಳಿಸಿದರೆ ಏನೂ ಬೆಳೆಯಲಿಲ್ಲ ಎಂದು ಚೀಟಿ ಬಂತು. ಮೂರನೆಯವರು ಒಬ್ಬ ಸರ್ಜನ್, ಕಾಲನ್ನು ಪೆನ್ನಿನ ತುದಿಯಿಂದ ಮುಟ್ಟಿ, ಇದು ಇಟ್ಟುಕೊಳ್ಳುವ ಕಾಲಲ್ಲ, ತೆಗೆದುಬಿಡೋಣ ಅಂದರು. ಅಪ್ಪ ಬೆಂಚಿನಿಂದ ಎದ್ದು, ಆ ಕಾಲನ್ನೇ ಊರಿಕೊಂಡು ಬಸ್ ಸ್ಟಾಪಿನವರೆಗೆ ನಡೆದುಬಿಟ್ಟರು. ನಾನು ಹಿಂದೆ ಓಡಿದೆ. ಬಸ್ಸು ಬಂದಾಗ ನನ್ನ ಹೆಗಲು ಹಿಡಿದು ಹತ್ತುತ್ತಾ, "ಹುಟ್ಟುವಾಗ ಎರಡು ಕೊಟ್ಟವ್ನೆ, ಹೋಗುವಾಗ ಎರಡೂ ಒಪ್ಪಿಸ್ತೀನಿ ಕಣಮ್ಮ" ಅಂದರು. ಆ ಮಾತನ್ನು ನೀನು ನೆನಪಿಟ್ಟುಕೊಳ್ಳಬೇಕು ಅಂತ ಬರೆದೆ. ಕಾಲು ಹೋದರೆ ಹೋಗಲಿ ಅನ್ನುವ ಮನುಷ್ಯ ಅಲ್ಲ ನಮ್ಮಪ್ಪ.

ಚರ್ಮದ ಡಾಕ್ಟರ ಹತ್ತಿರ ಹೋಗಿ ಎಂದವರು ನಮ್ಮ ಹೆಡ್‌ಮಿಸ್ಸು ವಿಮಲಮ್ಮ. ಮೂಳೆಯವರೆಗೆ ಹೋದ ಕಾಯಿಲೆಗೆ ಚರ್ಮದ ಡಾಕ್ಟರೇ ಎಂದು ನಿನ್ನ ಭಾವ ನಕ್ಕರು. ನಾನು ಹಟ ಮಾಡಿ ಕರೆದುಕೊಂಡು ಹೋದೆ. ದೊಡ್ಡಾಸ್ಪತ್ರೆಯ ಆ ಡಾಕ್ಟರಮ್ಮನಿಗೆ ನನಗಿಂತ ಕಡಿಮೆ ವಯಸ್ಸು, ಕನ್ನಡಕ, ಮಾತು ಕಡಿಮೆ. ಮೂಗು ಮುಚ್ಚಿಕೊಳ್ಳದೆ, ಮುಖ ತಿರುಗಿಸದೆ ಅಪ್ಪನ ಕಾಲನ್ನು ಮಡಿಲಿನ ಹತ್ತಿರ ಎಳೆದುಕೊಂಡು ನೋಡಿದರು. ಅವರು ಕೇಳಿದ್ದು ಒಂದೇ ಪ್ರಶ್ನೆ. ಕೀವಿನ ಜೊತೆ ಕಾಳು ಬರುತ್ತದೆಯೇ, ರವೆ ಥರ, ಸಾಸಿವೆ ಥರ? ಅಮ್ಮ ಇಲ್ಲವೇ ಇಲ್ಲ ಎಂದಳು. ಡಾಕ್ಟರಮ್ಮ ಭೂತಗನ್ನಡಿ ಹಿಡಿದು ತೂತುಗಳನ್ನು ಒಂದೊಂದಾಗಿ ಹುಡುಕಿದರು, ಏನೂ ಸಿಗಲಿಲ್ಲ. ಮತ್ತೆ ಬರಲು ಹೇಳಿದರು, ಹೋದೆವು, ಸಿಗಲಿಲ್ಲ. ಮೂರನೆಯ ಸಲವೂ ಇಲ್ಲ. ಅವರ ಹಣೆ ಗಂಟಿಕ್ಕಿತು. ಕಾಳು ಕಾಣದೆ ಔಷಧಿ ಕೊಡಲಾರೆ, ಯಾಕೆಂದರೆ ಇದರಲ್ಲಿ ಎರಡು ಜಾತಿ ಉಂಟು ಎಂದರು. ಕಾಳು ಕಪ್ಪಗಿದ್ದರೆ ಅದು ಬೂಷ್ಟಿನ ಜಾತಿ, ಅದಕ್ಕೆ ಕೆಲಸ ಮಾಡುವ ಮಾತ್ರೆ ಇಲ್ಲಿ ಇಲ್ಲವೆಂದೇ ತಿಳಿಯಿರಿ, ಕಾಲು ತೆಗೆಯಬೇಕು. ಬಿಳಿಯೋ ಹಳದಿಯೋ ಕೆಂಪೋ ಇದ್ದರೆ ಬ್ಯಾಕ್ಟೀರಿಯಾ, ಮಣ್ಣಿನಲ್ಲಿರುವುದು, ಮುಳ್ಳಿನ ಜೊತೆ ಒಳಗೆ ಹೋಗಿದೆ. ಅದಕ್ಕೆ ಔಷಧಿ ಇದೆ. ಮೇಲಿನಿಂದ ನೋಡಿದರೆ ಎರಡೂ ಒಂದೇ ಥರದ ಕಾಲು.

ಕಾಯಿಲೆಯ ಹೆಸರು ಮದುರಾ ಕಾಲು ಅಂತಂತೆ, ಮೊದಲು ಮಧುರೆಯ ಕಡೆ ಕಂಡಿದ್ದಂತೆ. ನಾವು ಮಧುರೆಗೆ ಹೋಗೇ ಇಲ್ಲವಲ್ಲ ತಾಯಿ, ಮೀನಾಕ್ಷಿ ದರ್ಶನವೂ ಇಲ್ಲದೆ ಇದು ಮಾತ್ರ ಹೇಗೆ ಬಂತು ಅಂತ ಅಮ್ಮ ಕೇಳಿದಳು. ಡಾಕ್ಟರಮ್ಮ ನಕ್ಕರು. ಆ ನಗುವಿನಿಂದ ಸಲಿಗೆ ಬಂದು ಅಮ್ಮ ತನ್ನ ಶುಚಿಯ ವರ್ಣನೆಗೆ ಶುರುಮಾಡಿದಳು. ಆಸ್ಪತ್ರೆಗೆ ಹೊರಡುವ ದಿನ ಬೆಳಿಗ್ಗೆ ಬೇವಿನ ಸೊಪ್ಪು ಹಾಕಿ ನೀರು ಕಾಯಿಸಿ, ಸೀಗೆಪುಡಿಯಲ್ಲಿ ಪಾದವನ್ನು ಉಜ್ಜಿ, ತೂತುಗಳ ಬಾಯನ್ನೆಲ್ಲ ಒತ್ತಿ ಒತ್ತಿ ತೊಳೆದು, ಅರಿಶಿನ ಹಚ್ಚಿ, ಒಗೆದ ಬಟ್ಟೆ ಕಟ್ಟಿಕೊಂಡು ಕರೆತರುತ್ತೇನೆ, ಡಾಕ್ಟರ ಮುಂದೆ ಗಲೀಜು ಕಾಲು ಚಾಚುವುದಕ್ಕಾಗುತ್ತದೆಯೇ ಎಂದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅವರು ಹುಡುಕುತ್ತಿದ್ದ ಕಾಳು ಪ್ರತಿ ಸಲ ನಮ್ಮ ಬಚ್ಚಲಿನಲ್ಲಿ ಹರಿದುಹೋಗುತ್ತಿತ್ತು. ಯೋಚಿಸು ನಂಜುಂಡ, ನಮ್ಮ ಜನ ಎಲ್ಲಿ ಹೊರಟರೂ ಕೈಕಾಲು ತೊಳೆದೇ ಹೊರಡುವವರು. ಆ ಮರ್ಯಾದೆಯೇ ಅಪ್ಪನ ಕಾಲಿಗೆ ಮುಳುವಾಗಲಿಕ್ಕೆ ಹತ್ತಿರವಾಗಿತ್ತು. ಒಣ ಬಟ್ಟೆ ಕಟ್ಟಿ ಎರಡು ದಿನ ಬಿಚ್ಚಬೇಡಿ, ನೀರು ಸೋಕಿಸಬೇಡಿ, ಹಾಗೇ ಕರೆತನ್ನಿ ಎಂದು ಡಾಕ್ಟರಮ್ಮ ನನ್ನ ಕೈಯಲ್ಲಿ ಆಣೆ ಹಾಕಿಸಿಕೊಂಡ ಹಾಗೆ ಹೇಳಿ ಕಳಿಸಿದರು.

ಆ ಎರಡು ದಿನ ಅಮ್ಮ ಪಟ್ಟ ಪಾಡು ಹೇಳತೀರದು. ಬಟ್ಟೆಯ ವಾಸನೆ ಹಜಾರಕ್ಕೆಲ್ಲ ಹರಡಿದ್ದರೂ ಮುಟ್ಟುವ ಹಾಗಿಲ್ಲ. ಬಸ್ಸಿನಲ್ಲಿ ಮುಂದಿನ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಎದ್ದುಹೋದಳು. "ನಮ್ಮನೇಲಿ ನೀರೇ ಇಲ್ಲ ಅನ್ಕೊಂಡ್ಳಲ್ಲೇ" ಎಂದು ಅಮ್ಮ ಕಣ್ಣೊರೆಸಿಕೊಂಡಳು. ನನಗೆ ಅದರ ಕಡೆ ಗಮನವಿರಲಿಲ್ಲ. ಕಪ್ಪೋ ಬಿಳಿಯೋ, ಕಪ್ಪೋ ಬಿಳಿಯೋ ಅಂತ ಮನಸ್ಸು ಹೊಡೆದುಕೊಳ್ಳುತ್ತಿತ್ತು. ಅಪ್ಪ ಮಾತ್ರ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಡಾಕ್ಟರಮ್ಮ ಇಕ್ಕಳದಲ್ಲಿ ಬಟ್ಟೆಯನ್ನು ಪದರ ಪದರವಾಗಿ ಬಿಡಿಸಿದರು. ಕೊನೆಯ ಪದರದಲ್ಲಿ ಕಾಳು ಇತ್ತು. ಕಿಟಕಿಯ ಬೆಳಕಿಗೆ ಹಿಡಿದರು. ಹಳದಿ ಮಿಶ್ರಿತ ಬಿಳಿ, ತುಪ್ಪದಲ್ಲಿ ಹುರಿದ ರವೆಯ ಬಣ್ಣ. ನಾನು ಗೋಡೆ ಹಿಡಿದುಕೊಂಡು ಅತ್ತುಬಿಟ್ಟೆ. ಆದರೆ ಆಕೆ ಇನ್ನೂ ನಂಬಲಿಲ್ಲ. ಒಂದು ಕಾಳನ್ನು ಎರಡು ಗಾಜಿನ ಚೂರುಗಳ ಮಧ್ಯೆ ಅರೆದು, ಬಣ್ಣ ಹಾಕಿ ತೊಳೆದು, ಸೂಕ್ಷ್ಮದರ್ಶಕದಲ್ಲಿ ನೋಡಿ, ನನಗೂ ತೋರಿಸಿದರು. ಕೂದಲಿಗಿಂತ ಎಷ್ಟೋ ಸಣ್ಣ ನೂಲು, ನೇರಳೆ ಬಣ್ಣ, ಸಿಕ್ಕುಸಿಕ್ಕಾಗಿ ಕವಲೊಡೆದಿತ್ತು. ಬೂಷ್ಟಿನ ಎಳೆ ಇದಕ್ಕಿಂತ ದಪ್ಪ ಇರುತ್ತದಂತೆ. ಅಷ್ಟು ದಿನ ನಮ್ಮ ಮನೆಯಲ್ಲಿ ಓಡಾಡುತ್ತಿದ್ದದ್ದು ಇದೇ ಎಂದು ನೋಡಿ ನನ್ನ ಮೈ ಜುಮ್ಮೆಂದಿತು. ಒಂದಿಷ್ಟು ಮಾಂಸವನ್ನೂ ಕತ್ತರಿಸಿ ಪರೀಕ್ಷೆಗೆ ಕಳಿಸಿದರು, ಅದೂ ಅದನ್ನೇ ಹೇಳಿತು.

ದಿನಾ ಒಂದು ಸ್ಟ್ರೆಪ್ಟೋಮೈಸಿನ್ ಇಂಜೆಕ್ಷನ್, ಬೆಳಿಗ್ಗೆ ಸಂಜೆ ಡ್ಯಾಪ್ಸೋನ್ ಅನ್ನುವ ಬಿಳಿ ಮಾತ್ರೆ. ವರ್ಷಕ್ಕೂ ಮೇಲೆ ತೆಗೆದುಕೊಳ್ಳಬೇಕು, ಕಾಲು ವಾಸಿಯಾದಂತೆ ಕಂಡರೂ ಬಿಡಬಾರದು, ಅದು ಮೂಳೆಯ ಸಂದಿನಲ್ಲಿ ಅಡಗಿರುತ್ತದೆ ಎಂದು ಹೇಳಿದರು. ಇನ್ನೊಂದು ಮಾತನ್ನೂ ಹೇಳಿದರು. ಈ ಮಾತ್ರೆ ತಿನ್ನುವವರ ತುಟಿ, ಉಗುರು ಒಂಚೂರು ನೀಲಿಗೆ ತಿರುಗಬಹುದು, ಗಾಬರಿ ಬೇಡ, ರಕ್ತ ಪರೀಕ್ಷೆ ಮಾಡುತ್ತಿರುತ್ತೇನೆ ಎಂದು. ಸರಿಯಾಗಿ ಹಾಗೇ ಆಯಿತು. ಅಪ್ಪನ ತುಟಿ ನೇರಳೆ ಹಣ್ಣು ತಿಂದವರ ಹಾಗೆ ಕಂಡು ಪುಟ್ಟಿ ನನಗೂ ಹಣ್ಣು ಕೊಡು ತಾತ ಎಂದು ಪೀಡಿಸುತ್ತಿದ್ದಳು. ಬೀದಿ ತುದಿಯ ಮೆಡಿಕಲ್ ಷಾಪಿನ ಕಿಟ್ಟಿ ಇಂಜೆಕ್ಷನ್ ಚುಚ್ಚುತ್ತಿದ್ದ. ದೀಪಾವಳಿ ಹೊತ್ತಿಗೆ ಎರಡು ತೂತು ಮುಚ್ಚಿದವು, ಸಂಕ್ರಾಂತಿಗೆ ಪಾದದ ಮೂಳೆ ಮತ್ತೆ ಕಣ್ಣಿಗೆ ಕಾಣತೊಡಗಿತು. ನಾನು ಕೊಡಿಸಿದ ಕ್ಯಾನ್ವಾಸ್ ಷೂ ಹಾಕಿಕೊಂಡು, ನನ್ನನ್ನು ಪೊಲೀಸ್ ಮಾಡಿಬಿಟ್ಟಳು ಎಂದು ಬೈಯುತ್ತಾ ಹಾಲಿನ ಬೂತಿಗೆ ಹೋಗಿಬರುತ್ತಿದ್ದರು. ಯುಗಾದಿಗೆ ನೀನು ಬಂದಾಗ ನೋಡಿದ್ದು ಆ ಅಪ್ಪನನ್ನು. ಕೆಂಗೇರಿಗೆ ಹೆಣ್ಣು ನೋಡಲು ನಮ್ಮೆಲ್ಲರಿಗಿಂತ ಮುಂದೆ ನಡೆದದ್ದೂ ಆ ಅಪ್ಪನೇ. ಉಗ್ರಪ್ಪನವರು ಒಪ್ಪಿ, ಅವರ ಮಗಳು ಗಂಗರತ್ನಳೂ ನೀನೂ ಒಬ್ಬರನ್ನೊಬ್ಬರು ಕದ್ದು ನೋಡಿಕೊಂಡು, ತಾಂಬೂಲ ಬದಲಾಯಿಸಿದೆವು. ಆ ದಿನ ನಾನೆಷ್ಟು ನೆಮ್ಮದಿಯಾಗಿದ್ದೆ ಗೊತ್ತೇ.

ನೀನು ಹೋದಮೇಲೆ ಅಪ್ಪ ಬದಲಾದರು. ಚಾಪೆಯನ್ನು ಜಗಲಿಗೆ ಹಾಕಿಕೊಂಡರು. ಸೆಕೆ ಅಂದರು, ಇರಬಹುದು ಅಂದುಕೊಂಡೆ. ಪುಟ್ಟಿ ತೊಡೆ ಏರಲು ಹೋದರೆ ಏನೋ ಕೆಲಸ ಇರುವವರಂತೆ ಎದ್ದುಬಿಡುತ್ತಿದ್ದರು. ಮಗು ನನ್ನ ಹತ್ತಿರ ಬಂದು ತಾತ ಟೂ ಬಿಟ್ಟಿದೆ ಎಂದು ಅತ್ತಳು. ವಯಸ್ಸಾದವರ ಮುನಿಸು ಎಂದು ನಾನೂ ಬಿಟ್ಟೆ. ಸ್ಕೂಲಿಗೆ ರಜೆ ಇದ್ದರೂ ವೋಟರ್ ಪಟ್ಟಿ, ರೇಷನ್ ಕಾರ್ಡು ಅಂತ ಮೇಷ್ಟರಿಗೆ ರಜೆ ಎಲ್ಲಿ? ಹಿಂಬೀದಿಯಲ್ಲೇ ಇದ್ದೂ ದಿನಾ ಹೋಗಿ ಕಾಲು ನೋಡಲಿಲ್ಲ. ಮೇ ಕೊನೆಯಲ್ಲಿ ಅಮ್ಮ ಬಂದು, ಷೂ ಹಿಡಿಸುತ್ತಿಲ್ಲ ಕಣೇ ಎಂದಳು. ಹೋಗಿ ನೋಡಿದರೆ ಪಾದ ಮೊದಲಿಗಿಂತ ದಪ್ಪ. ಮುಚ್ಚಿದ್ದ ತೂತುಗಳು ಬಾಯಿಬಿಟ್ಟಿದ್ದವು, ಗಿಣ್ಣಿನ ಹತ್ತಿರ ಹೊಸದೊಂದು ಬಂದಿತ್ತು. ಸಂಜೆ ಸಂಜೆ ಮೈ ಬೆಚ್ಚಗಾಗುತ್ತಿದೆಯಂತೆ. ಮೊದಲ ಸಲ ಅವರು ನೋವು ಎಂದರು. ನೋವಿಲ್ಲದಿದ್ದಾಗ ಹೆದರಿದ್ದ ನಾನು ನೋವು ಅಂದಾಗ ಇನ್ನೂ ಹೆದರಿದೆ.

ಗುರುವಾರ ಡಾಕ್ಟರಮ್ಮ ಕಾಲನ್ನು ನೋಡುವ ಮೊದಲು ಅಪ್ಪನ ಮುಖ ನೋಡಿದರು. ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದರು. ಅಪ್ಪ ಗೋಡೆಯ ಕಡೆ ತಿರುಗಿ ಹೂಂ ಅಂದರು. ಡಾಕ್ಟರಮ್ಮ ಅವರ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿಕೊಂಡರು, ಕೆಳತುಟಿಯನ್ನು ಹೆಬ್ಬೆರಳಿನಿಂದ ಇಳಿಸಿ ನೋಡಿದರು, ಉಗುರು ನೋಡಿದರು. ಆಮೇಲೆ ಬಹಳ ಮೆತ್ತಗೆ, "ತುಟಿ ಕೆಂಪಗಿದೆ ಯಜಮಾನ್ರೇ. ಯಾವಾಗ ನಿಲ್ಸಿದ್ರಿ?" ಎಂದರು. ಅಪ್ಪ ಕೈ ಹಿಂದಕ್ಕೆ ಎಳೆದುಕೊಂಡರು. ಎಕ್ಸ್‌ರೇ ಬಂತು. ನನಗೇ ಗೊತ್ತಾಗುತ್ತಿತ್ತು, ಪಾದದ ಸಣ್ಣ ಮೂಳೆಗಳು ಗೆದ್ದಲು ಹತ್ತಿದ ಹಾಗೆ ತೂತುತೂತಾಗಿವೆ. ಗಿಣ್ಣು ದಾಟಿ ಮೇಲೆ ಏರುವುದರೊಳಗೆ ತಡೆಯಬೇಕು, ಬರುವ ಗುರುವಾರದ ಹೊತ್ತಿಗೆ ಮಾತ್ರೆ ಹೊಟ್ಟೆಯಲ್ಲಿರಬೇಕು, ಇಲ್ಲದಿದ್ದರೆ ಸರ್ಜನ್‌ಗೆ ಚೀಟಿ ಬರೆಯದೆ ನನಗೆ ಬೇರೆ ದಾರಿಯಿಲ್ಲ ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ಎಷ್ಟೋ ವಾಸಿಯಿತ್ತು.

ಮನೆಗೆ ಬಂದು ಜಗಲಿಯ ಮೇಲೆ ಅವರ ಎದುರು ಕೂತು ಕೇಳಿದೆ. ಕೊನೆಗೆ ಹೇಳಿದರು. ಯುಗಾದಿಯಾದ ಮೇಲೆ ಒಂದು ಮಾತ್ರೆಯನ್ನೂ ನುಂಗಿಲ್ಲವಂತೆ. ಅಮ್ಮ ಕೊಟ್ಟಿದ್ದನ್ನು ದವಡೆಯಲ್ಲಿಟ್ಟುಕೊಂಡು, ಹಿತ್ತಲಿಗೆ ಹೋಗಿ ನುಗ್ಗೆ ಮರದ ಬುಡಕ್ಕೆ ಉಗಿಯುತ್ತಿದ್ದರಂತೆ. ಕಿಟ್ಟಿಗೆ, ಡಾಕ್ಟರೇ ಇಂಜೆಕ್ಷನ್ ಸಾಕು ಅಂದರು ಎಂದು ಸುಳ್ಳು ಹೇಳಿದ್ದರಂತೆ. ಯಾಕಪ್ಪಾ ಎಂದೆ. "ಅದು ದೊಡ್ಡ ರೋಗದೋರಿಗೆ ಕೊಡೋ ಮಾತ್ರೆ ಕಣಮ್ಮ. ಕಾಲು ಹೋದ್ರೆ ಜನ ಅಯ್ಯೋ ಪಾಪ ಅಂತಾರೆ. ಈ ಮಾತ್ರೆ ತಿಂತಾನೆ ಅಂತ ಗೊತ್ತಾದ್ರೆ ನನ್ನ ಮಗನಿಗೆ ಹೆಣ್ಣು ಕೊಡ್ತಾರಾ?" ಎಂದರು. ಎರಡು ಕಾಲನ್ನೂ ಒಪ್ಪಿಸುತ್ತೇನೆ ಅಂದಿದ್ದ ಮನುಷ್ಯ, ನಿನ್ನ ಮದುವೆಗಾಗಿ ಒಂದನ್ನು ಬಿಟ್ಟುಕೊಡಲು ಕೂತಿದ್ದಾರೆ. ಕುಷ್ಠಕ್ಕೆ ಕೊಡುವ ಮಾತ್ರೆಯನ್ನೇ ಇದಕ್ಕೂ ಕೊಡುತ್ತಾರೆ, ಅಷ್ಟೇ. ಕ್ರಿಮಿ ಬೇರೆ, ಕಾಯಿಲೆ ಬೇರೆ. ಇದು ಮಣ್ಣಿನಿಂದ ಬರುವುದೇ ಹೊರತು ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ಡಾಕ್ಟರಮ್ಮ ಇದನ್ನು ಮೊದಲ ದಿನವೇ ಬಿಡಿಸಿ ಹೇಳಿದ್ದರು, ನಾನೂ ಹೇಳಿದೆ. ಓದಿದೋಳು, ಏನಾದರೂ ಹೇಳ್ತೀಯ ಎಂದು ಮುಖ ತಿರುಗಿಸಿದರು.

ಇವರ ತಲೆಗೆ ಇದನ್ನು ತುಂಬಿದವರು ಯಾರು ಎಂದು ನನಗೆ ರೇಗಿಹೋಯಿತು. ಮಾತ್ರೆಯ ಇಂಗ್ಲಿಷ್ ಹೆಸರನ್ನು ಓದಿ ಅದು ಯಾವುದಕ್ಕೆಂದು ತಿಳಿಯುವವನು ನಮ್ಮ ಬೀದಿಯಲ್ಲಿ ಇನ್ನಾರು, ಆ ಕಿಟ್ಟಿಯೇ ಎಂದು ನೇರ ಅವನ ಅಂಗಡಿಗೆ ನುಗ್ಗಿದೆ. ಗಿರಾಕಿಗಳೆಲ್ಲರ ಮುಂದೆ, ನಿನ್ನ ಬಾಯಿಗೆ ಹುಳ ಬೀಳ ಎನ್ನುವವರೆಗೂ ಹೋದೆ. ನಿನ್ನಕ್ಕನ ಬಾಯಿ ನಿನಗೆ ಗೊತ್ತಲ್ಲ. ಪಾಪ ಅವನು ಕೌಂಟರ್ ಮೇಲೆ ಎರಡೂ ಕೈಯಿಟ್ಟುಕೊಂಡು, "ಅಕ್ಕಾ, ನಮ್ಮಪ್ಪನಾಣೆಗೂ ನಾನಲ್ಲ" ಎಂದ. ನಾನು ನಂಬಲಿಲ್ಲ.

ಅದೇ ಸಿಟ್ಟಿನಲ್ಲಿ ನಿನ್ನೆ ಮಧ್ಯಾಹ್ನ ಒಬ್ಬಳೇ ಕೆಂಗೇರಿಗೆ ಹೋದೆ. ನಿನ್ನನ್ನು ಕೇಳದೆ ಹೋದದ್ದು ತಪ್ಪು ಎನ್ನುವೆಯಾದರೆ ಅನ್ನು. ಉಗ್ರಪ್ಪನವರ ಮುಂದೆ ಕಾಲಿನ ವಿಷಯ, ಮಾತ್ರೆಯ ವಿಷಯ ಎಲ್ಲ ಇದ್ದದ್ದು ಇದ್ದ ಹಾಗೆ ಹೇಳಿದೆ. ಡಾಕ್ಟರಮ್ಮನ ಹತ್ತಿರ ನೀವೇ ಬಂದು ಕೇಳಿ ಎಂದೂ ಹೇಳಿದೆ. ಅವರು ಎಲೆ ಅಡಿಕೆ ಹಾಕಿಕೊಂಡರು. ಮನೆಯವರ ಜೊತೆ ಮಾತಾಡಿ ತಿಳಿಸುತ್ತೇನೆ ಎಂದರು. ಆ ಧ್ವನಿಯಿಂದ ನನಗೆ ಹೌದೂ ತಿಳಿಯಲಿಲ್ಲ, ಇಲ್ಲವೂ ತಿಳಿಯಲಿಲ್ಲ. ನಾನು ಹೊರಟು ಗೇಟಿನವರೆಗೆ ಬಂದಾಗ ಗಂಗರತ್ನ ಹಿಂದೆಯೇ ಬಂದಳು. ತಲೆ ಎತ್ತಲಿಲ್ಲ. "ಮಾವನೋರಿಗೆ ಮಾತ್ರೆ ತಗೊಳ್ಳೋಕೆ ಹೇಳಿ ಅಕ್ಕ" ಎಂದಳು, ಅಷ್ಟೇ, ಒಳಗೆ ಹೋದಳು. ದಾರಿಯುದ್ದಕ್ಕೂ ಆ ಹುಡುಗಿಯ ಮಾತು ನನಗೆ ಧೈರ್ಯ ಕೊಟ್ಟಿತು. ಬಂದು ಅಪ್ಪನಿಗೆ ಹೇಳಿದರೆ, ನಾನು ಕಥೆ ಕಟ್ಟುತ್ತಿದ್ದೇನಂತೆ. ಮಾತ್ರೆ ಹಿಡಿದು ಬಾಯಿ ಹತ್ತಿರ ತಂದರೆ ಹಲ್ಲು ಕಚ್ಚಿಕೊಂಡರು. ಎಪ್ಪತ್ತರ ಹತ್ತಿರದ ಮನುಷ್ಯನ ಬಾಯಿಯನ್ನು ಕೈಯಿಂದ ತೆರೆಸುವುದಕ್ಕಾಗುತ್ತದೆಯೇ, ನೀನೇ ಹೇಳು.

ಅದಕ್ಕೇ ಈ ಕಾಗದ. ನನ್ನ ಮಾತು, ಅಮ್ಮನ ಮಾತು, ಡಾಕ್ಟರಮ್ಮನ ಮಾತು ಮೂರೂ ನಡೆಯಲಿಲ್ಲ. ನೀನು ಹೇಳಿದರೆ ಅಪ್ಪ ಕೇಳುತ್ತಾರೆ. ಸಣ್ಣವನಿದ್ದಾಗಿನಿಂದ ನೀನು ಆಡಿದ್ದೇ ವೇದ ಅವರಿಗೆ. ತಕ್ಷಣ ಅವರ ಹೆಸರಿಗೆ ಒಂದು ಕಾಗದ ಬರೆ. ಮದುವೆ ಇರಲಿ ಬಿಡಲಿ, ನನಗೆ ನಿಮ್ಮ ಕಾಲು ಮುಖ್ಯ, ಮಾತ್ರೆ ತೆಗೆದುಕೊಳ್ಳಿ ಎಂದು ಬರೆ. ನಾನು ಓದಿ ಹೇಳುತ್ತೇನೆ. ತಡಮಾಡಬೇಡ.

ಪುಟ್ಟಿ ಮುತ್ತು ಕಳಿಸಿದ್ದಾಳೆ. ನಿನ್ನ ಭಾವ ಕೇಳಿದೆನೆಂದು ಬರೆಯಲು ಹೇಳಿದರು. ಮೈ ಕಡೆ ಗಮನವಿರಲಿ, ರಾತ್ರಿ ಪಾಳಿಯಿದ್ದರೆ ಕಿವಿಗೆ ಮಫ್ಲರ್ ಸುತ್ತಿಕೊ. ನಮ್ಮ ಪಟಾಲಮ್ಮ ತಾಯಿ ನಿನ್ನನ್ನು ಕಾಪಾಡಲಿ.

ನಿನ್ನ ಅಕ್ಕ,
ಅಂಜಮ್ಮ

ತಾ.ಕ.: ಕವರಿಗೆ ಅಂಟು ಹಚ್ಚುವಾಗ ಅಮ್ಮ ಬಂದು ಕೈ ಹಿಡಿದುಕೊಂಡಳು. ಕಿಟ್ಟಿಯನ್ನು ಬೈದದ್ದು ಅವಳ ಕಿವಿಗೂ ಬಿದ್ದಿದೆಯಂತೆ, ತಡೆಯಲಾಗಲಿಲ್ಲವಂತೆ. ನೀನು ಗುಂತಕಲ್ಲಿಗೆ ಹೊರಟ ದಿನ 'ಇದು ನಮ್ಮ ಆಫೀಸಿನಲ್ಲಿ ದೊಡ್ಡ ರೋಗ ಬಂದಿರೋ ಪ್ಯೂನ್ ತಿನ್ನೋ ಮಾತ್ರೆ' ಎಂದು ಡಬ್ಬಿ ತಿರುಗಿಸಿ ನೋಡಿದ್ದು ನೀನಂತೆ. ಮದುವೆ ಮುಗಿಯುವವರೆಗೆ ಬೇಡ ಅಪ್ಪ ಎಂದದ್ದೂ ನೀನಂತೆ. ಅವರ ನೀರಿನ ಲೋಟ ಬೇರೆ ಇಡು ಎಂದು ಅಮ್ಮನಿಗೆ ಹೇಳಿದೆಯಂತೆ. ಮದುವೆ ಗಂಡು, ಅವನ ಹೆಸರು ಎತ್ತಬೇಡ ಎಂದು ಅಪ್ಪ ಅವಳ ಬಾಯಿ ಕಟ್ಟಿಹಾಕಿದ್ದರು. ಈ ಕಾಗದವನ್ನು ಹರಿದುಹಾಕೋಣ ಅನ್ನಿಸಿತು. ಹರಿಯುವುದಿಲ್ಲ. ಮೇಲೆ ಬರೆದ ಪ್ರೀತಿಯನ್ನೂ ನೀನು ಓದಬೇಕು.

ನೀನು ಕಾಗದ ಬರೆಯಬೇಡ. ಅಪ್ಪನಿಗೆ ಓದು ಬರುವುದಿಲ್ಲ, ನಾನು ಓದಿದರೆ ನಾನೇ ಕಟ್ಟಿದ್ದು ಎನ್ನುತ್ತಾರೆ. ಇದನ್ನು ಎಕ್ಸ್‌ಪ್ರೆಸ್ ಡೆಲಿವರಿ ಮಾಡಿಸುತ್ತಿದ್ದೇನೆ. ಕೈಗೆ ಸಿಕ್ಕ ರೈಲು ಹತ್ತಿ, ಗುರುವಾರದೊಳಗೆ ನೀನೇ ಬಾ. ಇವತ್ತು ಬೆಳಿಗ್ಗೆ ಗಿಣ್ಣಿನ ಮೇಲೆ ಇನ್ನೊಂದು ಬಾಯಿಬಿಟ್ಟಿದೆ. ಬಂದವನು ನನ್ನ ಜೊತೆ ಮಾತಾಡಬೇಡ, ಅಮ್ಮನ ಹತ್ತಿರ ಅಳಬೇಡ. ಮೊದಲು ಜಗಲಿಗೆ ಹೋಗಿ ಅಪ್ಪನ ಕಣ್ಣೆದುರೇ ಅವರ ಲೋಟದಲ್ಲಿ ನೀರು ಕುಡಿ. ಆಮೇಲೆ ಅದೇ ಲೋಟ ತುಂಬಿ, ನಿನ್ನ ಕೈಯಾರೆ ಮಾತ್ರೆ ಕೊಡು. ಲೋಟ ಬಚ್ಚಲ ಗೂಡಿನಲ್ಲಿದೆ.